ಹೊಲಿಗೆಯಕ್ಕನ ಮನೆಯ ವೈರಿಂಗು

ಹಳೇ ಪೇಟೆಯ ಕಲ್ಲುಗೋಡೆಯ ಮನೆಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು, ಗಂಡ ತೀರಿಹೋದ ಮೇಲೂ ಸಂಸಾರ ತೂಗಿಸಿದವಳು ಹೊಲಿಗೆಯಕ್ಕ. ಊರು ಬೆಳೆದಂತೆ ಅವಳ ಕೆಲಸವೂ ಬೆಳೆಯಿತು. ಹಳೇ ಕೋಟೆ ನೋಡಲು ಬರುವವರಿಗೆಂದು ಸುತ್ತ ಎದ್ದ ಹೋಟೆಲುಗಳ ಪರದೆಗಳೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗಿ ಹೋಗುತ್ತಿದ್ದವು. ತುಳಿಯುವ ಯಂತ್ರಗಳಿಗೆ ಮೋಟಾರು ಬಂತು, ದೊಡ್ಡ ಇಸ್ತ್ರಿಪೆಟ್ಟಿಗೆ ಬಂತು. ವೈರು ಮಾತ್ರ ಮಾವನವರ ಕಾಲದ್ದೇ. ಎಲ್ಲಿ ಏನು ಕೆಟ್ಟರೂ ಮೈದುನ ಸ್ಕ್ರೂಡ್ರೈವರ್ ಹಿಡಿದು ಹಾಜರು.

ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಮುಟ್ಟಿದ ಕೆಲಸದವಳು ಕರೆಂಟು ಹೊಡೆದು ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಹೊಲಿಗೆಯಕ್ಕ ಆ ಪೆಟ್ಟಿಗೆಯನ್ನು ಮತ್ತೆ ಯಾರಿಗೂ ಮುಟ್ಟಗೊಡಲಿಲ್ಲ.

"ನಾನು ನೋಡ್ತೀನಿ ಬಿಡಿ ಅತ್ತಿಗೆ. ಎರಡು ಸುತ್ತು ಟೇಪು ಸುತ್ತಿದ್ರೆ ಆಯ್ತು," ಎಂದ ಮೈದುನ.

"ಬೇಡಪ್ಪ. ಈ ಸಲ ಓದಿ ಪಾಸಾದವರೇ ಬರ್ಲಿ."

ಮೈದುನ ಮುಖ ಗಂಟಿಕ್ಕಿಕೊಂಡ. ಅವಳು ವಿದ್ಯುತ್ ಕಚೇರಿಗೆ ಹೋಗಿ, ಲೈಸೆನ್ಸ್ ಇದ್ದವರ ಪಟ್ಟಿ ನೋಡಿ ಫೋನು ಮಾಡಿದಳು. ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ನಲವತ್ತರ ಆಸುಪಾಸಿನ ಹೆಂಗಸು. ಕೇಳುವ ಮೊದಲೇ ಲೈಸೆನ್ಸ್ ತೋರಿಸಿ, ಮೇನ್ ಆಫ್ ಮಾಡಿ, ಗೋಡೆಯ ಮೇಲಿನ ಮರದ ಪಟ್ಟಿ ಬಿಚ್ಚಿದಳು. ಒಳಗೆ ಬಟ್ಟೆ ಸುತ್ತಿದ ವೈರು. ನಡುವೆ ಒಂದು ಜಾಯಿಂಟು ಸುಟ್ಟು ಕರಕಲಾಗಿತ್ತು, ಅದರ ಮೇಲೆ ಹಸಿರು ಟೇಪು.

"ಇದನ್ನ ಯಾರು ಹಾಕಿದ್ದು?"

ಹೊಲಿಗೆಯಕ್ಕನಿಗೆ ಆ ಟೇಪು ಯಾರದೆಂದು ಗುರುತು ಹತ್ತಿತು. "ಯಾರೋ ಏನೋ, ಹಿರಿಯರ ಕಾಲದ್ದಿರ್ಬೇಕು," ಎಂದು ತೇಲಿಸಿಬಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಮೈದುನ ಗಂಟಲು ಸರಿಮಾಡಿಕೊಂಡ. "ನಾನೇ ರೀ. ಅಣ್ಣ ಇದ್ದಾಗ ಹಾಕಿದ್ದು. ಗಟ್ಟಿಯಾಗಿದೆ ಅಂದ್ಕೊಂಡಿದ್ದೆ."

ಎಲೆಕ್ಟ್ರಿಷಿಯನ್ ನಗಲಿಲ್ಲ. "ಆಗ ಮನೇಲಿ ನಾಲ್ಕು ಬಲ್ಬು ಇದ್ದಿರ್ಬೇಕು, ತಡ್ಕೊಂಡಿದೆ. ಈಗ ಮೂರು ಮೋಟಾರು, ಮೇಲೆ ಇಸ್ತ್ರಿ. ಪಾಪ, ಎಷ್ಟೂಂತ ಹೊರುತ್ತೆ? ಅರ್ತಿಂಗ್ ಅಂತೂ ಇಲ್ವೇ ಇಲ್ಲ. ಯಾವ ಲೈನು ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತಿರೋದು, ಸ್ವಲ್ಪ ಜೊತೆಗೆ ಬನ್ನಿ."

ಮೈದುನನ ಮುಖ ಸಡಿಲಾಯಿತು. ನಾಲ್ಕು ದಿನ ಇಬ್ಬರೂ ಕೋಣೆ ಕೋಣೆ ಸುತ್ತಿದರು. ಹಿತ್ತಲಲ್ಲಿ ಗುಂಡಿ ತೋಡಿ ಅರ್ತಿಂಗ್ ಹಾಕಿಸಿದ್ದಾಯಿತು, ಕಲ್ಲುಗೋಡೆಗೆ ಉಳಿ ಮುಟ್ಟಿಸದೆ ಪೈಪಿನಲ್ಲಿ ಹೊಸ ವೈರು ಎಳೆದದ್ದಾಯಿತು. ಕೆಲಸದವಳು ಹೆದರಬಾರದೆಂದು ಹೊಲಿಗೆಯಕ್ಕ ಮೊದಲ ಪರದೆಯನ್ನು ತಾನೇ ಇಸ್ತ್ರಿ ಮಾಡಿದಳು.

ಮರುವಾರ ಎದುರುಮನೆಯವರು ಸ್ವಿಚ್ಚು ಸರಿಮಾಡಿಕೊಡು ಎಂದು ಮೈದುನನನ್ನು ಕರೆದರು. "ಲೈಸೆನ್ಸ್ ಇರೋರನ್ನ ಕರೀರಿ," ಎಂದ ಅವನು ಗತ್ತಿನಿಂದ. "ನಂಬರ್ ನಾನು ಕೊಡ್ತೀನಿ."

ಒಳಗಿದ್ದ ಹೊಲಿಗೆಯಕ್ಕ ನಗು ತಡೆಯಲಾರದೆ ಬಾಯಿಗೆ ಸೆರಗು ಅಡ್ಡ ಹಿಡಿದಳು.