ಎರಡು ಮೇಟಿಯ ಕಣ

ಕಂಡಕ್ಟರ್ ಶಿವರಾಮುವಿಗೆ ಕಾಲುನೋವು ಹೊಸದೇನಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಮತ್ತೆ ಚಾಮರಾಜನಗರಕ್ಕೆ, ತುಂಬಿದ ಬಸ್ಸಿನಲ್ಲಿ ಒಂದು ಸೀಟಿಗೆ ಸೊಂಟ ಆನಿಸಿ ಇನ್ನೊಂದಕ್ಕೆ ಮಂಡಿ ಕೊಟ್ಟು ದಿನವಿಡೀ ಟಿಕೆಟ್ ಕೊಡುವವನ ಕಾಲು ನೋಯದೆ ಇನ್ನೇನಾದೀತು? ಆದರೆ ಆ ಚಳಿಗಾಲದಲ್ಲಿ ಅವನ ಕಾಲು ಸೋತದ್ದು ಬಸ್ಸಿನಿಂದಲ್ಲ. ಮಗಳು ಮಾನಸಳ ಖೋ-ಖೋ ತಂಡಕ್ಕೆ ಒಂದು ಮೈದಾನ ಹುಡುಕಿ ಹುಡುಕಿ ಸೋತಿತ್ತು.

ವಿಷಯ ಇಷ್ಟೇ. ಗುಂಡ್ಲುಪೇಟೆಯಲ್ಲಿ ಆಟ ಕಲಿಸುವ ತೇಜಸ್ವಿನಿ ಮೇಡಂ ದಿನಾ ಇವನ ಬಸ್ಸಿನಲ್ಲೇ ಓಡಾಡುವವರು. ಆಕೆ ತನ್ನಂಥ ನಾಲ್ಕಾರು ಟೀಚರುಗಳನ್ನು ಕಟ್ಟಿಕೊಂಡು ಎಳೆಯ ಹೆಣ್ಣುಮಕ್ಕಳಿಗೆಂದೇ ಒಂದು ಖೋ-ಖೋ ಲೀಗ್ ಹುಟ್ಟುಹಾಕಿದ್ದರು. ಒಂದೊಂದು ವಾರ ಒಂದೊಂದು ತಂಡದ ಊರಲ್ಲಿ ಆಟ. ಹಾಗಾಗಿ ತಂಡಕ್ಕೆ ತನ್ನದೇ ಆದ ಮೈದಾನ ಇರಲೇಬೇಕು. ಮಾನಸ ತಮ್ಮ ಬಡಾವಣೆಯ ಹುಡುಗಿಯರನ್ನೆಲ್ಲ ಕೂಡಿಸಿ ಚರಂಡಿಗೂ ಮರಳುಗುಡ್ಡೆಗೂ ನಡುವಿನ ಬೀದಿಯಲ್ಲೇ ಆಡಿ ಪಳಗಿದ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಆಡಿದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ.

"ಹುಡುಗೀರು ಚೆನ್ನಾಗಿ ಆಡ್ತಾರೆ ಶಿವರಾಮು, ನಾನೇ ನೋಡಿದ್ದೀನಿ. ಒಂದು ಜಾಗ ತೋರಿಸಿ, ಸೇರಿಸ್ಕೋತೀನಿ" ಎಂದಿದ್ದರು ಮೇಡಂ.

ಜಾಗ ತೋರಿಸಿ! ಹೇಳುವುದಕ್ಕೇನು, ಎರಡು ಮಾತು. ಶಿವರಾಮು ರಜೆಯ ದಿನ ಒಂದು ಬಯಲಿಗೆ ಹೋದ. ಅಲ್ಲಿ ಕ್ರಿಕೆಟ್ ಟೂರ್ನಮೆಂಟು. "ಇದು ಮುಗೀಲಿ ಬನ್ನಿ" ಎಂದರು. ಈ ದೇಶದಲ್ಲಿ ಕ್ರಿಕೆಟ್ ಮುಗಿಯುವುದುಂಟೇ? ಒಂದು ಖಾಸಗಿ ಶಾಲೆಗೆ ಹೋದ. ಅಂಥ ಮೈದಾನ, ಒಂದು ನರಪಿಳ್ಳೆ ಇಲ್ಲ. "ನಮ್ಮ ಮಕ್ಕಳಿಗೆ ಮಾತ್ರ" ಎಂದು ಗೇಟಿನಿಂದಲೇ ಕಳಿಸಿದರು. ಕಲ್ಯಾಣ ಮಂಟಪದ ಹಿಂದಿನ ಬಯಲು ಕೇಳಿದ. ಮದುವೆಯ ದಿನ ಅಲ್ಲಿ ಕಾರು ನಿಲ್ಲಬೇಕಂತೆ, ಮದುವೆ ನಡೆಯುವುದೂ ಭಾನುವಾರವೇ. ಗುಂಡ್ಲುಪೇಟೆಯ ಕಡೆ ಯಾರೋ ಬಲೆ ಕಟ್ಟಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆಂದು ಕೇಳಿ ಅಲ್ಲಿಗೂ ಹೋದ. ಹುಲ್ಲಿನಲ್ಲಿ ಖೋ-ಖೋ ಕಂಬ ಹೂಳುವುದು ಹೇಗೆ ಎಂದು ಕೇಳಿದ್ದಕ್ಕೆ ಅಲ್ಲಿದ್ದವನು ಇವನನ್ನು ಮೇಲಿಂದ ಕೆಳಗೆ ನೋಡಿದ. ಊರೆಲ್ಲ ಸುತ್ತಿ ಸುಣ್ಣವಾಗಿ ಮನೆಗೆ ಬಂದು ಗೋಡೆಗೆ ಒರಗಿ ಕೂತರೆ ಹೆಂಡತಿ ಮಾದೇವಿ ಚುಚ್ಚಿದಳು.

"ಕೈಲಿ ಬೆಣ್ಣೆ ಇಟ್ಕಂಡು ತುಪ್ಪಕ್ಕೆ ಊರೂರು ಅಲೀತೀಯಲ್ಲ. ನಮ್ ಲೇಔಟ್ನಾಗೆ ಆಟದ ಮೈದಾನ ಅಂತ ಕಲ್ಲು ನೆಟ್ಟವ್ರೆ, ಅದೇನು ದೇವ್ರಿಗೆ ಬುಟ್ಟಿದ್ದಾರಾ?"

ಇತ್ತು ನಿಜ. ಬಡಾವಣೆ ಮಾಡಿದವರು ಒಂದು ಮೂಲೆಯಲ್ಲಿ 'ಆಟದ ಮೈದಾನ' ಎಂದು ಕಲ್ಲು ನೆಟ್ಟು ಕೈತೊಳೆದುಕೊಂಡಿದ್ದರು. ಅಲ್ಲಿ ಬೆಳೆದದ್ದು ಆಳೆತ್ತರದ ಪಾರ್ಥೇನಿಯಂ. ಯಾರ್ಯಾರದೋ ಮನೆಯ ಒಡೆದ ಟೈಲ್ಸು, ಕಾಂಕ್ರೀಟ್ ಹೆಂಟೆ, ಒಂದು ಮುರಿದ ಕಮೋಡು. ನೋಡಿದರೆ ಯಾರಿಗಾದರೂ ಆಯಾಸವಾಗಬೇಕು. ಶಿವರಾಮುವಿಗೂ ಆಯಿತು. ಆದರೆ ಅವನ ಅಪ್ಪ ದೊಡ್ಡಮಾದಯ್ಯನ ಕಣ್ಣು ಮಾತ್ರ ಅರಳಿತು.

ದೊಡ್ಡಮಾದಯ್ಯನಿಗೆ ಆ ನೆಲ ಹೊಸದಲ್ಲ. ಬಡಾವಣೆ ಎದ್ದಿದ್ದೇ ಮರಿಮಲ್ಲಪ್ಪನವರ ಜಮೀನಿನಲ್ಲಿ. ಆ ಜಮೀನಿನಲ್ಲಿ ಮುದುಕ ಹುಡುಗನಾಗಿದ್ದಾಗಿನಿಂದ ಬೆನ್ನು ಬಗ್ಗುವವರೆಗೂ ಆಳಾಗಿ ದುಡಿದಿದ್ದ. ಮರಿಮಲ್ಲಪ್ಪನವರು ಉಳಿಸಿಕೊಂಡ ಒಂದಿಷ್ಟು ಹೊಲ ಈಗಲೂ ಬಡಾವಣೆಯ ಬೆನ್ನಿಗಿದೆ, ಅವರ ದೊಡ್ಡ ಮನೆಯೂ ಮೊದಲನೇ ಬೀದಿಯಲ್ಲೇ ಇದೆ.

"ನೆಲ ಗಟ್ಟಿ ಆಗ್ಬೇಕು ತಾನೆ? ಕಾಲು ಜಾರಬಾರ್ದು, ದೂಳು ಏಳಬಾರ್ದು. ಕಣ ಮಾಡ್ದಂಗೆ ಮಾಡ್ಬುಡನ ಬಾ" ಎಂದ ಮುದುಕ.

ಮಾಡಿದರು. ಗಿಡ ಕಿತ್ತರು, ಕಮೋಡು ಹೊತ್ತು ಹಾಕಿದರು. ಕೆರೆಯ ಮಣ್ಣು ಹೊಡೆಸಿ ಮಟ್ಟ ಮಾಡಿ, ನೀರು ಬಿಟ್ಟು, ಅದು ಅರೆ ಒಣಗುವುದನ್ನು ಕಾದು, ಎಲ್ಲಿಂದಲೋ ಉರುಳಿಸಿ ತಂದ ಹಳೆಯ ಕಲ್ಲುಗುಂಡನ್ನು ಹುಡುಗಿಯರು ಹಗ್ಗ ಕಟ್ಟಿ ಎಳೆದರು. ಮೇಲೆ ಸಗಣಿ ಬಗ್ಗಡ ಹಾಕಿ ಬಳಿದರು. ಹುಡುಗಿಯರು ಮೊದಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಸಗಣಿ ಎರಚಾಡಿಕೊಂಡು ನಕ್ಕರು. ಮುದುಕ ಎಲ್ಲರನ್ನೂ ಬಯ್ಯುತ್ತ, ಬಗ್ಗಿ ಬಗ್ಗಿ ಬಳಿಯುತ್ತ, ಕೊನೆಗೆ ಒಂದು ಅಂಚಿನಲ್ಲಿ ಸಗಣಿಯ ಬೆನಕನನ್ನು ಮಾಡಿ ತಲೆಗೆ ಗರಿಕೆ ಸಿಕ್ಕಿಸಿ ಕೈಮುಗಿದ.

"ಅದ್ಯಾಕಪ್ಪ ಬೆನಕ? ಇದು ಆಟದ ಜಾಗ" ಎಂದ ಶಿವರಾಮು.

"ಬೆನಕ ಇಲ್ದೆ ಯಾರ್ಲಾ ನೆಲ ಬಳಿತಾರೆ?"

ಬೇಡವೆನ್ನಬೇಕಿತ್ತು. ಆದರೆ ಅವನಿಗೆ ಸಾಕುಸಾಕಾಗಿತ್ತು, ಸುಮ್ಮನಾದ. ಎರಡು ಕಂಬ ಹೂಳಿ ಸುಣ್ಣ ಬಳಿದು ಮನೆಗೆ ಹೋಗಿ ಉಂಡು ಮಲಗಿದ. ಎಷ್ಟೋ ದಿನದ ಮೇಲೆ ಗಡದ್ದಾಗಿ ನಿದ್ದೆ ಬಂತು.

ಮಾರನೆಯ ಸಂಜೆ ಡ್ಯೂಟಿ ಮುಗಿಸಿ ಬರುತ್ತಾನೆ, ಮೈದಾನದ ತುಂಬ ಹುರುಳಿ ಗಿಡ! ಎರಡು ಕಂಬಗಳ ನಡುವೆ ಒತ್ತಾಗಿ ಹರಡಿದ್ದಾರೆ. ಹುಡುಗಿಯರು ಪಕ್ಕದ ಕಾಂಪೌಂಡಿನ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತಿದ್ದಾರೆ.

ಆದದ್ದನ್ನು ಮಾನಸ ಹೇಳಿದಳು. ಬೆಳಿಗ್ಗೆ ಮರಿಮಲ್ಲಪ್ಪನವರು ವಾಕಿಂಗಿಗೆ ಬಂದವರು ನೆಲ ನೋಡಿ ನಿಂತರು. ಬೆನಕ ಕಂಡಿತು, ಪಕ್ಕದಲ್ಲಿ ನಿಂತಿದ್ದ ಅಜ್ಜನೂ ಕಂಡ. ಎಕ್ಕಡ ಬಿಟ್ಟು ಒಳಗೆ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ದೊಡ್ಡಮಾದಾ, ಇಂಥ ಕಣ ನೋಡಿ ಎಷ್ಟು ವರ್ಸ ಆಯ್ತಲ್ಲಾ! ಎಲ್ಡು ಮೇಟಿ ಯಾಕ ನೆಟ್ಟಿದ್ದೀಯ, ಎರಡು ಕಡೆ ದನ ಸುತ್ಸೀಯಾ?" ಎಂದು ಹೊಟ್ಟೆ ಅಲುಗಿಸಿಕೊಂಡು ನಕ್ಕರು. ಕಣದ ನಡುವೆ ದನ ಕಟ್ಟಿ ಸುತ್ತಿಸಲು ನೆಡುವ ಮೇಟಿ ಒಂದೇ ಇರುತ್ತದೆ, ಅದಕ್ಕೆ ಆ ನಗು. ಆಮೇಲೆ ಹೇಳಿದರು, "ರೋಡ್ ಮ್ಯಾಲೆ ಉಳ್ಳಿ ಹಾಕುದ್ರೆ ಬೈಕಿನೋರು ಬೀಳ್ತಾರೆ, ಪೋಲೀಸ್ನೋರು ಬಯ್ತಾರೆ. ನಂದು ಕುಯ್ದು ಹೊಲದಲ್ಲೇ ಬಿದ್ದದೆ. ಇಲ್ಲೇ ಹಾಕ್ಕಳ್ಲಾ?"

ದೊಡ್ಡಮಾದಯ್ಯ ಹೆಗಲ ಟವೆಲು ತೆಗೆದು ಕಂಕುಳಿಗೆ ಸೇರಿಸಿ, "ಹಾಕ್ಕಳಿ ಬುದ್ಧಿ" ಎಂದುಬಿಟ್ಟ.

ಶಿವರಾಮುವಿಗೆ ತಲೆ ತಿರುಗಿತು. ಮನೆಗೆ ನುಗ್ಗಿ ಅಪ್ಪನ ಮುಂದೆ ನಿಂತ.

"ಯಾಕಪ್ಪ ಹಂಗಂದೆ? ಮೊಮ್ಮಗಳು ಆಡೋ ಜಾಗ ಅಂತ ಹೇಳಕ್ಕೆ ಬಾಯಿರ್ಲಿಲ್ವಾ?"

"ಬಾಯಿ ತಾನಾಗೇ ಅಂದ್ಬುಡ್ತು ಕಣ್ಲಾ" ಎಂದ ಮುದುಕ, ನೆಲ ನೋಡುತ್ತ. "ಹುಟ್ಟುದಾಗಿಂದ ಅದನ್ನೇ ಅಂದಿರೋ ಬಾಯಿ."

ಶಿವರಾಮು ಯೂನಿಫಾರ್ಮಿನಲ್ಲೇ ಮರಿಮಲ್ಲಪ್ಪನವರ ಮನೆಗೆ ಹೋದ. ಅವರು ಕೆಟ್ಟವರಲ್ಲ, ಇದು ಇನ್ನೊಂದು ಸಂಕಟ. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು. ಕುರ್ಚಿ ಹಾಕಿಸಿದರು. ಅವರ ಹೆಂಡತಿ ಗಂಗಾಂಬಿಕೆ ಇಬ್ಬರಿಗೂ ಕಾಫಿ ತಂದರು. ಗಂಡನಿಗೆ ಸ್ಟೀಲ್ ಲೋಟ, ಇವನಿಗೆ ಪೇಪರ್ ಲೋಟ. ಅದನ್ನೂ ಅವನು ನೋಡಿದ, ಕಾಫಿಯನ್ನೂ ಕುಡಿದ.

"ಸೋಮವಾರ ರಾಸಿ ಪೂಜೆ ಮಾಡಿ ಎತ್ಬುಡ್ತೀನಿ ಶಿವರಾಮು. ಆಮ್ಯಾಕೆ ನಿಮ್ಮ ಹುಡ್ಗೀರು ವರ್ಸೆಲ್ಲ ಆಡ್ಲಿ, ನಂದೇನದೆ?"

"ಭಾನುವಾರ ಮೈದಾನ ನೋಡಕ್ಕೆ ಮೇಡಂ ಬತ್ತಾರೆ ಸಾರ್." ಬುದ್ಧಿ ಅನ್ನುವ ಮಾತನ್ನು ಅವನು ಕೆಲಸಕ್ಕೆ ಸೇರಿದ ದಿನವೇ ಬಿಟ್ಟಿದ್ದ.

"ಒಂದಿನ ಆಚೆಗಾಕು ಅನ್ನು. ಕಣಕ್ಕೆ ಬಿದ್ದ ಬೆಳೆಯ ಪೂಜೆ ಆಗ್ದೆ ಎತ್ತಕ್ಕಾದ್ದಾ? ಕಣದಲ್ಲಿ ಕಾಳಿರೋವಾಗ ವಯಸ್ಸಿಗೆ ಬಂದ ಹೆಣ್ಮಕ್ಕಳು ಮೆಟ್ಟಂಗಿಲ್ಲ, ಎಕ್ಕಡ ಕಾಲು ಇಡಂಗಿಲ್ಲ. ಎಕ್ಕಡ ಬಿದ್ರೆ ಕಣವೇ ಕೆಟ್ಟಂಗೆ. ನಾನು ಹೇಳೋದೇನು, ನಿಮ್ಮಪ್ಪನ್ನೇ ಕೇಳು."

ಕೇಳುವುದು ಬೇಕಿರಲಿಲ್ಲ. ಶಿವರಾಮು ಬೆಳೆದದ್ದೂ ಅದೇ ಮಾತಿನಲ್ಲಿ. ಅನ್ನಕ್ಕೆ ಕಾಲು ತಾಗಿದರೆ ಈಗಲೂ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಮಾರನೆಯ ದಿನ ಬಸ್ಸಿನಲ್ಲಿ, ಒಂದು ದಿನ ಮುಂದೆ ಹಾಕಿ ಎಂದು ಮೇಡಂ ಹತ್ತಿರ ಬಾಯಿ ಬಿಟ್ಟ. ಆಕೆ ಪಾಪ ನೊಂದುಕೊಂಡರು. "ಭಾನುವಾರ ಸಂಜೆಗೆ ತಂಡಗಳು ತೀರ್ಮಾನ ಆಗ್ಬೇಕು ಶಿವರಾಮು. ನಿಮ್ಮ ತಂಡದ ಬದಲು ಸೇರೋಕೆ ಇನ್ನೊಂದು ತಂಡ ಕಾಯ್ತಾ ಕೂತಿದೆ. ನಾನೊಬ್ಬಳೇ ಏನು ಮಾಡಲಿ?"

ಶನಿವಾರ ಊಟಕ್ಕೆ ಕೂತಾಗ ಹೇಗೋ ಮಗಳಿಗೆ ಹೇಳಿದ. ಅಳುತ್ತಾಳೆ, ತಟ್ಟೆ ಎಸೆಯುತ್ತಾಳೆ, ಅಜ್ಜನ ಮೇಲೆ ಕೂಗಾಡುತ್ತಾಳೆ ಎಂದುಕೊಂಡಿದ್ದ. ಮಾನಸ ಮುದ್ದೆ ಮುರಿಯುತ್ತ, "ಹೋಗ್ಲಿ ಬುಡಪ್ಪ" ಎಂದಳು. ಅಷ್ಟೇ.

ಅಯ್ಯೋ, ಅವಳು ಅತ್ತಿದ್ದರೇ ಚೆನ್ನಾಗಿತ್ತು! ಆ ಮಾತನ್ನು ಅವಳಿಗೆ ಕಲಿಸಿದವರಾರು? ಗೇಟಿನಿಂದ ಕಳಿಸಿದಾಗಲೂ ಪೇಪರ್ ಲೋಟ ಕೊಟ್ಟಾಗಲೂ ಅವನೇ ಹಾಗೆ ಅಂದುಕೊಂಡದ್ದು. ಅವನ ಅಪ್ಪನ ಜೀವಮಾನವೆಲ್ಲ ಆ ಮಾತಿನಲ್ಲೇ ಸವೆದಿತ್ತು. ಇಷ್ಟು ಚಿಕ್ಕ ವಯಸ್ಸಿಗೇ ಅದು ಅವಳ ಬಾಯಿಗೂ ಬಂತಲ್ಲ ಎಂದು ಅವನ ಎದೆ ಉರಿಯಿತು. ಅರ್ಧಕ್ಕೇ ತಟ್ಟೆ ಸರಿಸಿ ಎದ್ದ. ಎದುರಿಗೆ ಕೂತಿದ್ದ ದೊಡ್ಡಮಾದಯ್ಯನೂ ಕೈತೊಳೆದು ಎದ್ದುಹೋದ.

ಭಾನುವಾರ ಬೆಳಿಗ್ಗೆ ತೇಜಸ್ವಿನಿ ಮೇಡಂ ಅಳೆಯುವ ಟೇಪು ಹಿಡಿದು ಬಂದರು. ಮರಿಮಲ್ಲಪ್ಪನವರು ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಆಳುಗಳು ಕೋಲಿನಿಂದ ಹುರುಳಿ ಬಡಿಯುತ್ತಿದ್ದರು. ಹುಡುಗಿಯರು ಬಂದು ಪಕ್ಕಕ್ಕೆ ನಿಂತಿದ್ದರು. ಮೇಡಂ ಟೇಪನ್ನು ಬ್ಯಾಗಿಗೆ ಹಾಕಿ, "ಮುಂದಿನ ವರ್ಷ ನೋಡೋಣ ಬಿಡಿ" ಎಂದರು. ಶಿವರಾಮು ತಲೆಯಾಡಿಸಿದ.

ಅಷ್ಟರಲ್ಲಿ ಬೀದಿಯಲ್ಲಿ ಟಪ್ ಟಪ್ ಸದ್ದಾಯಿತು. ದೊಡ್ಡಮಾದಯ್ಯ ಬರುತ್ತಿದ್ದ. ಪಂಚೆ ಎತ್ತಿ ಕಟ್ಟಿದ್ದಾನೆ, ಕಾಲಿಗೆ ಮಗನ ಡ್ಯೂಟಿಯ ಕರಿಬೂಟು! ಕಾಲಿಗಿಂತ ದೊಡ್ಡದು, ಲೇಸೂ ಕಟ್ಟಿಲ್ಲ. ಯಾರೋ ಹುಡುಗಿ ಕಿಸಕ್ಕೆಂದಳು. ಮುದುಕ ಯಾರನ್ನೂ ನೋಡಲಿಲ್ಲ. ಬೆನಕನ ಪಕ್ಕದಲ್ಲೇ ಹಾದು, ಬೂಟುಗಾಲಿನಲ್ಲಿ ನೇರ ಹುರುಳಿಯ ಮೇಲೆ ಹತ್ತಿದ. ಕಾಯಿ ಚಟಚಟ ಒಡೆದವು. ಈ ಕಂಬದಿಂದ ಆ ಕಂಬದವರೆಗೆ ನಡೆದ, ತಿರುಗಿ ವಾಪಸ್ಸೂ ನಡೆದ. ಬಡಿಯುತ್ತಿದ್ದ ಕೋಲುಗಳು ನಿಂತವು.

"ಬುದ್ಧಿ," ಎಂದ, "ಬೂಟುಗಾಲಲ್ಲಿ ಮೆಟ್ಬುಟ್ಟೆ. ಕಣ ಕೆಟ್ಟೋಯ್ತು. ಇಲ್ಲಿನ್ನು ರಾಸಿ ಪೂಜೆ ನಡೆಯದಿಲ್ಲ. ಎತ್ಕಂಡೋಗಿ."

ಮರಿಮಲ್ಲಪ್ಪನವರು ಎದ್ದು ನಿಂತರು. ಮುಖ ಕೆಂಪಗಾಗಿತ್ತು. ಹೊಡೆದೇಬಿಡುತ್ತಾರೆ ಎಂದು ಶಿವರಾಮು ಅಪ್ಪನ ಮುಂದಕ್ಕೆ ನುಗ್ಗಿದ.

"ದೊಡ್ಡಮಾದಾ, ನೀನಾ?" ಎಂದರು ಅವರು. ಆಮೇಲೆ ಆಳುಗಳ ಕಡೆ ಕೈಬೀಸಿ, "ತುಂಬ್ರಲಾ" ಎಂದು ಹೇಳಿ ಮನೆಯ ಕಡೆ ನಡೆದರು. ಆಳುಗಳು ಟಾರ್ಪಾಲು ತಂದು ಹುರುಳಿಯನ್ನು ಬಾಚಿ ತುಂಬಿಕೊಂಡು ಹೋದರು.

ಮೇಡಂ ಬ್ಯಾಗಿನಿಂದ ಟೇಪು ಹೊರತೆಗೆದರು. ಅಳತೆ ಸರಿಯಿತ್ತು, ನೆಲವಂತೂ ಇಂಥದ್ದು ನೋಡಿಲ್ಲ ಎಂದರು. ಹುಡುಗಿಯರು ಸಾಲಾಗಿ ಕೂತರು, ಮಾನಸ ಓಡತೊಡಗಿದಳು.

ಶಿವರಾಮುವಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಬರೀ ಸುಸ್ತು. ಅಪ್ಪನನ್ನು ಹುಡುಕಿಕೊಂಡು ಮನೆಗೆ ಬಂದ. ಮುದುಕ ಹಿತ್ತಲ ನಲ್ಲಿಯ ಹತ್ತಿರ ಕೂತು ಕಾಲು ತೊಳೆಯುತ್ತಿದ್ದ. ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಿದ್ದ, ಚರ್ಮ ಬೆಳ್ಳಗಾಗಿತ್ತು. ಬೂಟುಗಳನ್ನು ಒರೆಸಿ ಗೋಡೆಗೆ ಆನಿಸಿಟ್ಟಿದ್ದ.

"ಅನ್ನ ತುಳ್ದುಬುಟ್ಟೆ ಕಣ್ಲಾ" ಎಂದ. ಮಗುವಿನ ಹಾಗೆ ಅಳುತ್ತಿದ್ದ. "ನನ್ನ ಕಾಲಲ್ಲಿ, ಅನ್ನ."

ಶಿವರಾಮು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಪ್ಪನ ಕೈಯಿಂದ ಚೊಂಬು ತೆಗೆದುಕೊಂಡ. ತಾನೇ ನೀರು ಹಾಕಿ ಆ ಪಾದವನ್ನು ಉಜ್ಜಿದ.

"ಮಾನಸನ್ನ ಸೇರುಸ್ಕಂಡ್ರಾ?" ಎಂದು ಮುದುಕ ಕೇಳಿದ.

"ಸೇರುಸ್ಕಂಡ್ರು ಕಣಪ್ಪ."

"ಹ್ಞೂಂ" ಎಂದು ಅವನು ಇನ್ನೊಂದು ಕಾಲನ್ನೂ ಮುಂದೆ ಚಾಚಿದ.