ಮಡಿಚೋಳು ಕಲಿತ ನಾಲ್ಕು ವಾಕ್ಯ

ಆ ಕಾರ್ಖಾನೆಯಲ್ಲಿ ಬಾಯಿಗೆ ಕೆಲಸವಿಲ್ಲ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಡ್ರಮ್ಮುಗಳು ಒಟ್ಟಿಗೆ ತಿರುಗತೊಡಗಿದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅಲ್ಲಿ ಎಲ್ಲ ಕೈಮಾತು. ಮೇಸ್ತ್ರಿ ಮುಷ್ಟಿ ಕಟ್ಟಿ ಮೇಲೆತ್ತಿದರೆ ಸ್ವಿಚ್ಚು ಆರಿಸಿದ್ದೇನೆ, ಒಳಗಿಳಿ ಅಂತ. ಅದನ್ನು ಕಂಡವರೆಲ್ಲ ಎದೆ ಮೇಲೆ ಅಂಗೈ ಇಡಬೇಕು. ಕಂಡೆ, ಸ್ವಿಚ್ಚಿನ ಹತ್ತಿರ ಹೋಗುವುದಿಲ್ಲ ಅಂತ. ಹೊಸಬರಿಗೆ ಮೊದಲು ಕಲಿಸುವುದೇ ಇದು. ವರ್ಷ ಕಳೆದ ಮೇಲೆ ಕೈ ತಾನಾಗಿ ಎದೆಗೆ ಹೋಗುತ್ತದೆ, ಕೆಮ್ಮು ಬಂದರೆ ಬಾಯಿಗೆ ಹೋಗುವ ಹಾಗೆ.

ಅವಳು ಒಣಗಿದ ಬಟ್ಟೆ ಮಡಿಚುವವಳು. ಎಲ್ಲರೂ ಮಡಿಚೋಳು ಅಂತಲೇ ಕರೆಯುತ್ತಿದ್ದರು. ಗಂಡ ಡ್ರಮ್ಮಿನ ಕೆಲಸದವನು. ಒಂದು ಮಧ್ಯಾಹ್ನ ಡ್ರಮ್ಮಿನೊಳಗೆ ಬಟ್ಟೆ ಸಿಕ್ಕಿಕೊಂಡಿತು. ಮೇಸ್ತ್ರಿ ಮುಷ್ಟಿ ಎತ್ತಿದ. ಗಂಡ ಎದೆ ಮುಟ್ಟಿಕೊಂಡು ಒಳಗಿಳಿದ. ಆದರೆ ಮೇಸ್ತ್ರಿ ಆರಿಸಿದ್ದು ಪಕ್ಕದ ಡ್ರಮ್ಮಿನ ಸ್ವಿಚ್ಚು. ಗಂಡ ಇಳಿದ ಡ್ರಮ್ಮು ನೀರು ಬಿಡಲು ಸುಮ್ಮನೆ ನಿಂತಿತ್ತು ಅಷ್ಟೆ. ಮತ್ತೆ ತಿರುಗಿತು. ಮಡಿಚೋಳು ಬಟ್ಟೆ ಹಿಡಿದು ಎದುರಿಗೇ ನಿಂತಿದ್ದಳು.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದ. ಅವನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಅವಳು ಕಂಡದ್ದನ್ನೆಲ್ಲ ಬಿಡದೆ ಹೇಳಿದಳು. ಕಾರ್ಖಾನೆಯ ಹೆಡ್ ಗುಮಾಸ್ತ ಅದನ್ನು ಇಂಗ್ಲಿಷಿಗೆ ಹೇಳಿದ. ಅವಳದು ಮೊಳದುದ್ದ, ಅವನದು ಬೆರಳುದ್ದ. ಹೊರಗೆ ಬಂದಾಗ, ಅಷ್ಟಿಷ್ಟು ಇಂಗ್ಲಿಷ್ ತಿಳಿದ ಬಾಗಿಲು ಕಾಯುವವನು ಮೆಲ್ಲಗೆ ಅಂದ, "ಅಕ್ಕಾ, ನೀನು ಹೇಳಿದ್ದನ್ನ ಅವನು ಹೇಳಲೇ ಇಲ್ಲ. ಅವಸರದಲ್ಲಿ ತಾನೇ ಇಳಿದ ಅಂದ."

ಮನೆಯಲ್ಲಿ ಅತ್ತೆಯೂ ಅದನ್ನೇ ನಂಬಿದ್ದಳು. "ನನ್ನ ಮಗನದು ಹುಟ್ಟಾ ಅವಸರ. ಊಟಾನೂ ನಿಂತೇ ಮಾಡೋನು. ಹಾಳಾದವನು, ಒಂದು ಗಳಿಗೆ ಕಾಯಬಾರದಿತ್ತಾ?" ಬೆಳಗಾದರೆ ಸತ್ತ ಮಗನಿಗೆ ಬೈಗುಳ. ಅಳು ಮಾತ್ರ ಇಲ್ಲ. ಸೊಸೆ ನಡೆದದ್ದು ಹೇಳಿದರೆ, "ಗಂಡನ ತಪ್ಪನ್ನ ಯಾವ ಹೆಂಡತಿ ಒಪ್ಪತಾಳೆ" ಅಂತ ಮುಖ ತಿರುಗಿಸುತ್ತಿದ್ದಳು.

ಅಧಿಕಾರಿ ಇನ್ನೊಂದು ಸಲ ಬರುವವನಿದ್ದ. ಮಡಿಚೋಳು ಕೆಳಗಿನ ಮನೆಯ ಟ್ಯೂಷನ್ ಟೀಚರ ಹತ್ತಿರ ಹೋದಳು.

"ನಡೆದದ್ದನ್ನ ಹೇಳೋದು ಕಲಿಸಿ ಟೀಚರ್. ನಡೀತಿರೋದು ಬೇಡ, ನಡೆಯೋದೂ ಬೇಡ."

"ಹಾಗೆ ಮಧ್ಯದಿಂದ ಕಲಿಸಕ್ಕೆ ಬರಲ್ಲ ಕಣಮ್ಮಾ."

"ನನಗೆ ಮುಂದಿನದು ಏನೂ ಇಲ್ಲ. ಆಗಿದ್ದು ಮಾತ್ರ ಸಾಕು."

ಟೀಚರ್ ಚಾಪೆ ಹಾಸಿದರು.

ಮಕ್ಕಳು ಹೋದ ಮೇಲೆ ಅವಳ ಪಾಠ. ಟರ್ನ್ ಇದ್ದದ್ದು ಟರ್ನ್ಡ್ ಆಗುತ್ತದೆ, ಟಚ್ ಇದ್ದದ್ದು ಟಚ್ಡ್. ಬಾಲ ಅಂಟಿಸಿದರೆ ಮುಗಿಯಿತು. ಗೋ ಹತ್ತಿರ ಬಂದು ನಿಂತಳು.

"ಗೋ ಅನ್ನೋದು ವೆಂಟ್ ಹೇಗಾಯ್ತು ಟೀಚರ್? ಅಪ್ಪನ್ನೂ ಹೋಲಲ್ಲ, ಅಮ್ಮನ್ನೂ ಹೋಲಲ್ಲ."

"ಅದು ಈ ಮನೇಲಿ ಹುಟ್ಟಿದ ಮಗು ಅಲ್ಲ ಬಿಡು. ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದು."

ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ. ನಕ್ಕು, ನಕ್ಕಿದ್ದಕ್ಕೆ ನಾಚಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಸತ್ತ ಅನ್ನುವ ಮಾತು ಒಂದೇ ಸಂಜೆಗೆ ಬಂತು. ಅದರಲ್ಲಿ ಕಷ್ಟ ಏನಿತ್ತು, ಸತ್ತಿದ್ದ. ಕಷ್ಟ ಆದದ್ದು ಮುಷ್ಟಿ ಕಟ್ಟಿದ ಅನ್ನುವುದು. ಕ್ಲೋಸ್ಡ್ ಹಿಸ್ ಫಿಸ್ಟ್. ಪಾತ್ರೆ ತೊಳೆಯುತ್ತಾ ಅಂದಳು, ಮಡಿಚುತ್ತಾ ತುಟಿಯಲ್ಲೇ ಅಂದಳು. ಡ್ರಮ್ಮಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ಈ ವಯಸ್ಸಲ್ಲಿ ಇಂಗ್ಲಿಷ್ ಕಲಿತು ಯಾವ ರಾಜ್ಯ ಆಳಬೇಕೇ?" ಅತ್ತೆ ಕೇಳಿದಳು. ಆದರೂ ವಿಚಾರಣೆಯ ದಿನ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಹಿಂದಿನ ಕುರ್ಚಿಯಲ್ಲಿ ಕೂತಳು.

ಒಂದು ಬೆಂಚಿನ ಮೇಲೆ ಮೇಸ್ತ್ರಿ. ಅವನ ಪಕ್ಕದಲ್ಲಿ ಡ್ರಮ್ಮಿನ ಮೂವರು ಕೆಲಸದವರು. ಮುಷ್ಟಿ ಎತ್ತಿದ್ದನ್ನು ನಾವು ಕಾಣಲಿಲ್ಲ ಅಂತ ಹೇಳಲು ಬಂದವರು. ಮೊನ್ನೆಯವರೆಗೆ ಗಂಡನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವರು.

ಮಡಿಚೋಳು ಎದ್ದು ನಿಂತು ಇಂಗ್ಲಿಷಿನಲ್ಲೇ ಹೇಳಿದಳು.

"ಫೋರ್‌ಮನ್ ಕ್ಲೋಸ್ಡ್ ಹಿಸ್ ಫಿಸ್ಟ್. ಮೈ ಹಸ್ಬೆಂಡ್ ಟಚ್ಡ್ ಹಿಸ್ ಚೆಸ್ಟ್. ಹಿ ವೆಂಟ್ ಇನ್. ಡ್ರಮ್ ಟರ್ನ್ಡ್."

ಒಂದೂ ತಪ್ಪಲಿಲ್ಲ. ಅಧಿಕಾರಿಗೆ ಎಲ್ಲ ಪದವೂ ತಿಳಿಯಿತು. ಹುಬ್ಬು ಗಂಟು ಹಾಕಿ ಕೇಳಿದ. ಮುಷ್ಟಿ ಕಟ್ಟಿದನೇ? ಯಾಕೆ? ಅವನಿಗೆ ಸಿಟ್ಟು ಬಂದಿತ್ತೇ?

ಆಗ ಅವಳಿಗೆ ಹೊಳೆಯಿತು. ಮುಷ್ಟಿ ಅಂದರೆ ಏನು ಅನ್ನುವುದನ್ನು ಕಲಿತೇ ಇರಲಿಲ್ಲ. ಟೀಚರಿಗೂ ಹೇಳಿರಲಿಲ್ಲ. ಮುಷ್ಟಿ ಅಂದರೆ ಮುಷ್ಟಿ. ಇಷ್ಟು ವರ್ಷ ಅದನ್ನೇ ಕಂಡು ಬದುಕಿದವಳು, ಅದು ಗೊತ್ತಿಲ್ಲದವರೂ ಲೋಕದಲ್ಲಿ ಇದ್ದಾರೆ ಅಂತ ಅವಳ ತಲೆಗೆ ಹೋಗಿರಲಿಲ್ಲ.

ಹೆಡ್ ಗುಮಾಸ್ತ ತಟ್ಟನೆ ಬಾಯಿ ಹಾಕಿದ. ಕ್ವಾರೆಲ್ ಅಂದ. ಜಗಳ. ಅವಳಿಗೆ ಆ ಪದ ಗೊತ್ತಿತ್ತು, ಟೀಚರ ಮನೆಯ ಮಕ್ಕಳು ದಿನಾ ಅದನ್ನು ಓದುತ್ತಿದ್ದರು. ಅಧಿಕಾರಿ ತಲೆ ತಗ್ಗಿಸಿ ಬರೆಯತೊಡಗಿದ.

"ನೋ," ಅಂದಳು. ಮುಂದಕ್ಕೆ ಮಾತು ಬರಲಿಲ್ಲ. ಇಂಗ್ಲಿಷೂ ಇಲ್ಲ, ಯಾವುದೂ ಇಲ್ಲ. ಬಲಗೈ ಮೇಲೆತ್ತಿ ಮುಷ್ಟಿ ಕಟ್ಟಿದಳು.

ಬೆಂಚಿನ ಮೇಲೆ ಮೂರು ಅಂಗೈ ಎದ್ದು ಮೂರು ಎದೆಗೆ ಬಿದ್ದವು. ಮೇಸ್ತ್ರಿಯದು ನಾಲ್ಕನೆಯದು.

ಅಧಿಕಾರಿ ಬರೆಯುತ್ತಲೇ ಇದ್ದ. ಅವನು ಮುಖ ಎತ್ತುವಷ್ಟರಲ್ಲಿ ಕೈಗಳು ಕೆಳಗಿಳಿದಿದ್ದವು. ಅವಳು ಮತ್ತೆ ಮುಷ್ಟಿ ಎತ್ತಿದಳು. ಈ ಸಲ ನಾಲ್ವರೂ ಕೈಗಳನ್ನು ತೊಡೆ ಕೆಳಗೆ ಅದುಮಿಕೊಂಡು ಕೂತಿದ್ದರು. ಅವಳು ಹೊಡೆಯಲು ಬರುತ್ತಿದ್ದಾಳೆ ಅಂದುಕೊಂಡು ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿದ. ಬಾಗಿಲು ಕಾಯುವವನು ಬಂದು, "ಸಾಕು ಬಾ ಅಕ್ಕ," ಅಂತ ತೋಳು ಹಿಡಿದ.

ಬೀದಿಯಲ್ಲಿ ಅತ್ತೆ ಸೊಸೆ ನಡೆದರು. ಬಸ್ ನಿಲ್ಲುವ ಜಾಗದಲ್ಲಿ ಅತ್ತೆ ನಿಂತಳು.

"ನೀನು ಕೈ ಎತ್ತಿದಾಗ ಅವರೆಲ್ಲ ಯಾಕೆ ಎದೆ ಮುಟ್ಟಿಕೊಂಡರೇ?"

"ಕಂಡೆ ಅಂತ, ಅತ್ತೆ. ಮೇಸ್ತ್ರಿ ಮುಷ್ಟಿ ಎತ್ತಿದರೆ ಡ್ರಮ್ಮು ಆರಿದೆ ಅಂತ. ಕಂಡವರು ಹಾಗೆ ಮಾಡಬೇಕು."

"ಅವನೂ ಮಾಡಿದ್ನಾ?"

"ಮಾಡಿದ. ಮಾಡೇ ಇಳಿದ."

"ಕಾದಿದ್ದ ಹಾಗಾದರೆ."

"ಕಾದಿದ್ದ ಅತ್ತೆ."

ಅತ್ತೆ ಕಲ್ಲುಬೆಂಚಿನ ಮೇಲೆ ಕುಸಿದಳು. "ಅಯ್ಯೋ, ಬೈದೆನಲ್ಲೇ. ದಿನಾ ಬೈದೆನಲ್ಲೇ ನನ್ನ ಕೂಸನ್ನ." ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಮುದುಕಿ ಎದ್ದೇಳಲಿಲ್ಲ.

ತೀರ್ಮಾನ ಕಾರ್ಖಾನೆಯವರು ಹೇಳಿದಂತೆಯೇ ಬಂತು. ಅವನದೇ ತಪ್ಪು. ಮಡಿಚೋಳು ಇನ್ನೂ ಅಲ್ಲೇ ಮಡಿಚುತ್ತಾಳೆ, ಬೇರೆ ದಿಕ್ಕಿಲ್ಲ. ಮೇಸ್ತ್ರಿ ಮುಷ್ಟಿ ಎತ್ತಿದಾಗ ಉಳಿದವರ ಕೈ ಎದೆಗೆ ಹೋಗುತ್ತದೆ. ಅವಳು ಬಟ್ಟೆ ಕೆಳಗಿಟ್ಟು, ನಡೆದು ಹೋಗಿ, ಯಾವ ಸ್ವಿಚ್ಚು ಆರಿದೆ ಅಂತ ಕಣ್ಣಾರೆ ನೋಡುತ್ತಾಳೆ. ಅವಳು ತಿರುಗಿ ಬರುವವರೆಗೆ ಡ್ರಮ್ಮಿಗೆ ಯಾರೂ ಇಳಿಯುವುದಿಲ್ಲ.