ನಾಲ್ಕು ಬೆರಳಿನ ದೂರ

ಬಳ್ಳಾರಿಯಲ್ಲಿ ಮೇಷ್ಟ್ರಾಗಿರುವ ನಾನು ಬಾದನಹಟ್ಟಿಯ ನಮ್ಮ ಮೆಣಸಿನಕಾಯಿ ಹೊಲಕ್ಕೆ ಹೋಗುವುದು ಭಾನುವಾರ ಮಾತ್ರ. ಅಂಥ ಒಂದು ಭಾನುವಾರ ಕೂಲಿಗೆ ಬಂದಿದ್ದ ಹೆಂಗಸು ಪ್ರತಿ ಗಿಡದಿಂದ ನಾಲ್ಕು ಬೆರಳು ದೂರದಲ್ಲಿ ಕುಳಿ ತೋಡಿ, ಚಿಟಿಕೆ ಯೂರಿಯಾ ಇಟ್ಟು ಮಣ್ಣು ಮುಚ್ಚುತ್ತಿದ್ದಳು. ಅಷ್ಟು ದೂರ ಇಟ್ಟರೆ ಗಿಡಕ್ಕೇನು ಸಿಕ್ಕೀತು ಎಂದು ನನಗೆ ರೇಗಿತು. ಪಕ್ಕದ ಸಾಲು ಹಿಡಿದು ಬುಡಕ್ಕೇ ಸುರಿದೆ.

"ಬುಡಕ್ಕ ಹಾಕಬ್ಯಾಡ್ರಿ ಸರ, ಗಿಡ ಸುಡತೈತಿ. ದೂರ ಇಟ್ರ ಬೇರು ತಾನ ಹುಡುಕ್ಕೊಂಡು ಬರತೈತಿ," ಅಂದಳು. ನಾನು ಕೇಳಲಿಲ್ಲ.

ಮುಂದಿನ ಭಾನುವಾರ ನನ್ನ ಸಾಲೊಂದೇ ಕರಕಲಾಗಿತ್ತು. ಆಕೆ ಅಲ್ಲಿ ಹೊಸ ಸಸಿ ನೆಟ್ಟಳು.

ಎರಡನೆಯ ಸಲ ಗೊಬ್ಬರ ಇಡುವಾಗ ನಾನೂ ನಾಲ್ಕು ಬೆರಳು ಅಳೆಯತೊಡಗಿದೆ. ಆಕೆ ನನ್ನ ಕೈ ನೋಡಿದಳು.

"ನಿಮ್ಮ ಬಟ್ಟು ಸಣ್ಣ ಅದಾವ ಸರ. ನೀವು ಐದು ಅಳೀರಿ."